ಉಗುರಲ್ಲಿ ಹೋಗುವುದಕ್ಕೆ ಕೊಡಲಿ

ಸಾಹಿತ್ಯ ಸಂಘದ ಪತ್ರಿಕೆಗೆ ಕಾಲಿನ ಉಗುರಿನ ಮೇಲೆ ಲೇಖನವೇ ಎಂದು ಸಂಪಾದಕ ಮಿತ್ರರು ಹುಬ್ಬೇರಿಸಿದರು. ಕವಿತೆ ಕೊಡು, ಇಲ್ಲದಿದ್ದರೆ ಒಂದು ಹರಟೆಯಾದರೂ ಕೊಡು ಅಂದರು. ಕವಿತೆ ನನಗೆ ಬರುವುದಿಲ್ಲ. ಹರಟೆ ಬರೆಯೋಣವೆಂದರೆ ಈ ವಿಷಯದಲ್ಲಿ ನಗುವಂಥದ್ದು ಕಡಿಮೆ. ನಾನು ಕಾಮರ್ಸ್ ವಿದ್ಯಾರ್ಥಿ, ವೈದ್ಯನಲ್ಲ. ಆದರೂ ಹೆಬ್ಬೆರಳಿನ ಉಗುರು ಮಾಂಸದೊಳಕ್ಕೆ ಬೆಳೆಯುವ ಕಾಯಿಲೆಯನ್ನು ನನ್ನ ಕಾಲಿನಲ್ಲೂ ನಮ್ಮ ಮಾವನ ಕಾಲಿನಲ್ಲೂ ಹತ್ತಿರದಿಂದ ಕಂಡಿದ್ದೇನೆ. ಡಾಕ್ಟರರನ್ನು ಕಾಡಿ ಬೇಡಿ ಕೇಳಿ ತಿಳಿದುಕೊಂಡಿದ್ದೇನೆ, ಪುಸ್ತಕಗಳನ್ನೂ ತಿರುವಿ ಹಾಕಿದ್ದೇನೆ. ನಮ್ಮ ಸಂಘದಲ್ಲಿ ಬೆಳಿಗ್ಗೆ ಕಾಲೇಜು ಮುಗಿಸಿ ಸಂಜೆ ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ನಿಂತು ದುಡಿಯುವ ಗೆಳೆಯರು ಇದ್ದಾರೆ. ಅವರಲ್ಲಿ ಇಬ್ಬರಾದರೂ ಈಗ ಕುಂಟುತ್ತಿರುವುದನ್ನು ನಾನೇ ನೋಡಿದ್ದೇನೆ. ಕೇಳಿದರೆ "ಏನಿಲ್ಲ, ಉಗುರು" ಅಂತಾರೆ. ಈ "ಏನಿಲ್ಲ"ದ ಬಗ್ಗೆಯೇ ಬರೆಯಬೇಕಾಗಿದೆ.

ಮೊದಲು ಹೆಸರಿನ ಗೊಂದಲ ಬಿಡಿಸುತ್ತೇನೆ. ನಮ್ಮಲ್ಲಿ ಉಗುರಿನ ಬಳಿ ಏನೇ ಊದಿಕೊಂಡರೂ ಅದಕ್ಕೆ ಉಗುರುಸುತ್ತು ಅಂತಲೇ ಹೆಸರು. ನಿಜವಾದ ಉಗುರುಸುತ್ತು ಹೆಚ್ಚಾಗಿ ಬರುವುದು ಕೈಬೆರಳಿಗೆ. ದಿನವಿಡೀ ನೀರಿನಲ್ಲಿ ಕೈಯಾಡಿಸುವವರಿಗೆ, ಉಗುರು ಕಚ್ಚುವವರಿಗೆ, ಉಗುರಿನ ಸುತ್ತಣ ಚರ್ಮ ಒಡೆದು ಅಲ್ಲಿ ಕ್ರಿಮಿ ಹೊಕ್ಕು ಕೀವಾಗ್ತದೆ. ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಟೊಪ್ಪಿಯ ಹಾಗೆ ತೊಡಿಸುವುದನ್ನು ಊರಲ್ಲಿ ಎಲ್ಲರೂ ನೋಡಿರಬಹುದು. ನಾನು ಹೇಳಹೊರಟಿರುವುದು ಬೇರೆ. ಇಲ್ಲಿ ಕ್ರಿಮಿ ಮೊದಲಲ್ಲ, ಉಗುರು ಮೊದಲು. ಕಾಲಿನ ಹೆಬ್ಬೆರಳಿನ ಉಗುರಿನ ಅಂಚು ಮುಳ್ಳಿನ ಹಾಗೆ ಪಕ್ಕದ ಮಾಂಸಕ್ಕೆ ಚುಚ್ಚಿಕೊಳ್ತದೆ, ಕೀವು ಆಮೇಲೆ ಬರ್ತದೆ. ಇಂಗ್ಲಿಷಿನಲ್ಲಿ ಇನ್‌ಗ್ರೋನ್ ಟೋನೇಲ್ ಅಂತಾರೆ. ವೈದ್ಯರ ಪುಸ್ತಕದಲ್ಲಿ ಇನ್ನೂ ದೊಡ್ಡ ಹೆಸರಿದೆ: ಆನಿಕೊಕ್ರಿಪ್ಟೋಸಿಸ್. ಗ್ರೀಕ್ ಭಾಷೆಯಲ್ಲಿ ಆನಿಕ್ಸ್ ಎಂದರೆ ಉಗುರು, ಕ್ರಿಪ್ಟೋಸ್ ಎಂದರೆ ಅಡಗಿದ್ದು. ನಮ್ಮ ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲೂ ಉಗುರಿನ ರೋಗಗಳಿವೆ. ಉಗುರಿನ ಮಾಂಸ ಉರಿದು ಕೀವಾಗುವುದಕ್ಕೆ ಚಿಪ್ಪ ಎಂದೂ ಪೆಟ್ಟು ಬಿದ್ದು ಉಗುರು ಕಪ್ಪಾಗಿ ಒರಟಾಗುವುದಕ್ಕೆ ಕುನಖ ಎಂದೂ ಹೆಸರು. ಎರಡನ್ನೂ ಸೇರಿಸಿರುವುದು ಕ್ಷುದ್ರರೋಗಗಳ ಅಧ್ಯಾಯದಲ್ಲಿ. ಕ್ಷುದ್ರ ಅಂದರೆ ಸಣ್ಣದು ತಾನೆ? ನಮ್ಮ ಕೋಣೆಯಲ್ಲೂ ನಾವು ಹಾಗೇ ಅಂದುಕೊಂಡಿದ್ದೆವು.

ಚಿತ್ರ ಹಾಕಲು ನಮ್ಮ ಪತ್ರಿಕೆಯಲ್ಲಿ ಅನುಕೂಲವಿಲ್ಲ. ಆದ್ದರಿಂದ ಓದುಗ ಮಿತ್ರರು ದಯವಿಟ್ಟು ಚಪ್ಪಲಿ ಕಳಚಿ ತಮ್ಮ ಹೆಬ್ಬೆರಳನ್ನೇ ನೋಡಿಕೊಳ್ಳಬೇಕು. ಕಾಣುವ ಗಟ್ಟಿ ತಟ್ಟೆ ಇದೆಯಲ್ಲ, ಅದು ಸತ್ತ ವಸ್ತು. ಅದಕ್ಕೇ ಕತ್ತರಿಸಿದರೆ ನೋಯುವುದಿಲ್ಲ. ಜೀವ ಇರುವುದು ಹಿಂದೆ, ಚರ್ಮದ ಮಡಿಕೆಯ ಒಳಗೆ ಅಡಗಿರುವ ಬುಡದಲ್ಲಿ. ಅಲ್ಲಿಂದಲೇ ಉಗುರು ಹುಟ್ಟಿ ಮುಂದಕ್ಕೆ ಸರಿಯುತ್ತಾ ಬರ್ತದೆ. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ ಕಾಲಿನದು ಅದರ ಅರ್ಧ. ಹೆಬ್ಬೆರಳಿನ ಉಗುರು ಬುಡದಿಂದ ತುದಿಗೆ ಪೂರ್ತಿ ಬರಲು 12ರಿಂದ 18 ತಿಂಗಳು ಬೇಕು. ತಟ್ಟೆಯ ಎರಡೂ ಬದಿಗೆ ಮಾಂಸದ ಗೋಡೆ ಇದೆ. ಗದ್ದೆಗೆ ಅಂಚು ಇದ್ದ ಹಾಗೆ. ಉಗುರಿನ ಮೂಲೆ ಈ ಗೋಡೆಗಿಂತ ಸ್ವಲ್ಪ ಮುಂದೆ ಇದ್ದರೆ ತೊಂದರೆ ಇಲ್ಲ, ಗೋಡೆಯ ಮೇಲೆ ಜಾರಿಕೊಂಡು ಮುಂದೆ ಹೋಗ್ತದೆ. ಮೂಲೆಯನ್ನು ಗೋಡೆಗಿಂತ ಹಿಂದಕ್ಕೆ ಕತ್ತರಿಸಿಬಿಟ್ಟರೆ ಆ ಜಾಗಕ್ಕೆ ಮೆತ್ತನೆಯ ಮಾಂಸ ಉಬ್ಬಿ ಬಂದು ಕೂತುಬಿಡ್ತದೆ. ಹಿಂದಿನಿಂದ ಹೊಸ ಉಗುರು ಬರುವಾಗ ದಾರಿ ಮುಚ್ಚಿರುತ್ತದೆ. ಅದು ನಿಲ್ಲುವುದಿಲ್ಲ, ಮಾಂಸದೊಳಗೇ ನುಗ್ಗುತ್ತದೆ.

ಇನ್ನೊಂದು ವಿಷಯ ಇದೆ, ಇದು ನನಗೆ ಬಹಳ ತಡವಾಗಿ ತಿಳಿದದ್ದು. ನಾವು ನೇಲ್ ಕಟ್ಟರಿನ ತುದಿ ತೂರಿಸಿ ಮೂಲೆಯನ್ನು ಅಗೆದು ತೆಗೆಯುತ್ತೇವಲ್ಲ, ಆಗ ಅಂಚು ಕೊನೆಯವರೆಗೆ ನೀಟಾಗಿ ಕತ್ತರಿಸುವುದಿಲ್ಲ. ಕಣ್ಣಿಗೆ ಕಾಣದಷ್ಟು ಒಳಗೆ ಒಂದು ಚೂಪು ಸಿಬಿರು ಉಳಿದುಬಿಡ್ತದೆ. ಕತ್ತರಿಸಿದ ದಿನ ಒತ್ತಡ ಕಡಿಮೆಯಾಗಿ ಹಾಯೆನಿಸುತ್ತದೆ. ತಿಂಗಳು, ಒಂದೂವರೆ ತಿಂಗಳು ಕಳೆದ ಮೇಲೆ ಆ ಸಿಬಿರು ಮುಂದೆ ಸರಿದು ಮೊದಲಿಗಿಂತ ಆಳಕ್ಕೆ ಚುಚ್ಚುತ್ತದೆ. ಮತ್ತೆ ಕತ್ತರಿಸುತ್ತೇವೆ, ಮೊದಲಿಗಿಂತ ಸ್ವಲ್ಪ ಹೆಚ್ಚು. ನಮ್ಮ ಕ್ಲಾಸಿನ ಭಾಷೆಯಲ್ಲಿ ಇದು ಚಕ್ರಬಡ್ಡಿ. ನಾನು ಇದನ್ನು ಮೂರು ಸಲ ಕಟ್ಟಿದೆ.

ನನಗೆ ಶುರುವಾದದ್ದು ಬೂಟಿನಿಂದ. ಒಂದು ಆಫೀಸಿನಲ್ಲಿ ಅರ್ಧ ದಿನದ ಕೆಲಸಕ್ಕೆ ಕಪ್ಪು ಬೂಟು ಬೇಕೆಂದರು. ಕುರ್ಲಾ ಸ್ಟೇಷನ್ನಿನ ಹೊರಗೆ ಫುಟ್‌ಪಾತಿನಲ್ಲಿ ಚೂಪು ಮೂತಿಯ ಒಂದು ಜೋಡಿ ಅಗ್ಗಕ್ಕೆ ಸಿಕ್ಕಿತು. ಒಂದು ನಂಬರು ಚಿಕ್ಕದು. ಹಾಕ್ತಾ ಹಾಕ್ತಾ ಸಡಿಲ ಆಗ್ತದೆ ಅಂದ ಮಾರುವವನು. ಬೂಟು ಸಡಿಲವಾಗಲಿಲ್ಲ, ನನ್ನ ಬೆರಳೇ ಅದರ ಆಕಾರಕ್ಕೆ ಬಂತು. ಮೇಲಿಂದ ದಾದರಿನಲ್ಲಿ ಗಾಡಿಗೆ ಹತ್ತುವಾಗ ಯಾರಾದರೂ ಅದರ ಮೇಲೆ ಕಾಲಿಡದೆ ಹೋದ ದಿನವಿಲ್ಲ. ಬಿಗಿ ಬೂಟು, ತುಳಿತ, ಬೆವರಿ ನೆನೆದ ಕಾಲುಚೀಲ, ಮೂಲೆ ಅಗೆದು ಕತ್ತರಿಸುವುದು, ಇವಿಷ್ಟೇ ಈ ಕಾಯಿಲೆಯ ಮುಖ್ಯ ಕಾರಣಗಳು. ಕೆಲವರಿಗೆ ಹುಟ್ಟಿನಿಂದಲೇ ಉಗುರು ಕೊಳವೆಯಂತೆ ಬಾಗಿರುತ್ತದೆ, ಮನೆಯಲ್ಲಿ ಅಪ್ಪನಿಗೂ ಹಾಗೇ ಇರುವುದುಂಟು. ಶಿಲೀಂಧ್ರ ತಗಲಿ ಉಗುರು ದಪ್ಪಗಾದರೂ ಬರಬಹುದು. ನಮ್ಮಂಥ ಹರೆಯದವರಿಗೆ ಹೆಚ್ಚು, ಕಾಲು ಹೆಚ್ಚು ಬೆವರುತ್ತದೆ ಅಂತ ಒಂದು ಕಾರಣ ಕೊಡ್ತಾರೆ. ಮಂಗಳವಾರ ಉಗುರು ತೆಗೆದದ್ದಕ್ಕೇ ಹೀಗಾಯ್ತು ಎಂದು ಊರಿಂದ ಅಜ್ಜಿ ಹೇಳಿ ಕಳಿಸಿದರು. ವಾರದ ತಪ್ಪಲ್ಲ, ಕತ್ತರಿಸಿದ ರೀತಿಯ ತಪ್ಪು ಅಂತ ಅಜ್ಜಿಗೆ ಹೇಳುವ ಧೈರ್ಯ ನನಗಿಲ್ಲ.

ಕಾಲಿನ ಉಗುರನ್ನು ನೇರವಾಗಿ ಕತ್ತರಿಸಬೇಕು, ಅಡ್ಡಗೆರೆ ಎಳೆದ ಹಾಗೆ. ಕೈಯ ಉಗುರಿನಂತೆ ದುಂಡಗೆ ಮಾಡಬಾರದು. ತೀರಾ ಗಿಡ್ಡವಾಗಿ ತೆಗೆಯದೆ ಎರಡು ಮೂಲೆಯೂ ಮಾಂಸದ ಗೋಡೆಯ ಮೇಲೆ ಕಾಣುವ ಹಾಗೆ ಬಿಡಬೇಕು. ಮೂಲೆ ಕಾಲುಚೀಲಕ್ಕೆ ಸಿಕ್ಕಿಕೊಂಡರೆ ಅರದಿಂದ ಸ್ವಲ್ಪ ಉಜ್ಜಿದರೆ ಸಾಕು. ಉಗುರಿನ ನಡುವೆ ಕಚ್ಚು ಕೊರೆದರೆ ಬದಿಗಳು ನಡುವಿಗೆ ಎಳೆದುಕೊಂಡು ಬರ್ತವೆ ಎಂದು ಹೇಳುವವರಿದ್ದಾರೆ. ಅದು ಬರೀ ನಂಬಿಕೆ. ಸತ್ತ ತಟ್ಟೆಗೆ ನಡುವೆ ಏನಾಯಿತೆಂದು ಬುಡಕ್ಕೆ ಹೇಗೆ ಗೊತ್ತಾಗಬೇಕು? ಬೂಟಿಗೆ ಒಂದು ಪರೀಕ್ಷೆ ಇದೆ. ಕಾಗದದ ಮೇಲೆ ಬರಿಗಾಲಿಟ್ಟು ನಿಂತು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ, ಅದರ ಮೇಲೆ ಬೂಟು ಇಡಿ. ಗೆರೆ ಬೂಟಿನ ಹೊರಗೆ ಕಂಡರೆ ಆ ಬೂಟು ನಿಮ್ಮದಲ್ಲ. ಕೊಳ್ಳುವುದಾದರೆ ಸಂಜೆ ಕೊಳ್ಳಬೇಕು, ದಿನವಿಡೀ ನಡೆದು ನಿಂತು ಕಾಲು ಸ್ವಲ್ಪ ಊದಿರ್ತದೆ.

ಈಗಾಗಲೇ ಕೆಂಪಾಗಿ ನೋಯುತ್ತಿದ್ದರೆ, ಇನ್ನೂ ಕೀವಾಗದಿದ್ದರೆ, ಮನೆಯಲ್ಲೇ ವಾಸಿ ಮಾಡಿಕೊಳ್ಳುವುದಕ್ಕೆ ಅವಕಾಶ ಇದೆ. ದಿನಕ್ಕೆ ಎರಡು ಮೂರು ಸಲ, 15–20 ನಿಮಿಷ, ಉಗುರುಬೆಚ್ಚಗಿನ ನೀರಿನಲ್ಲಿ ಕಾಲಿಟ್ಟು ಕೂರಬೇಕು. ಉಪ್ಪು ಹಾಕಿದರೂ ಸರಿ, ಬಿಟ್ಟರೂ ಸರಿ, ಮೆತ್ತಗಾಗುವುದು ಬೆಚ್ಚನೆ ನೀರಿಗೆ. ಆಮೇಲೆ ಚೆನ್ನಾಗಿ ಒರೆಸಿ ಪಕ್ಕದ ಮಾಂಸವನ್ನು ಬೆರಳಿನಿಂದ ಮೆಲ್ಲಗೆ ಉಗುರಿನಿಂದ ದೂರಕ್ಕೆ ತಳ್ಳಬೇಕು. ಶುದ್ಧ ಹತ್ತಿಯ ಎಳೆ ಹೊಸೆದು ಉಗುರಿನ ಮೂಲೆಯ ಕೆಳಗೆ ಇಟ್ಟರೆ ಅಂಚು ಮಾಂಸದಿಂದ ಮೇಲೇಳುತ್ತದೆ. ಆ ಎಳೆಯನ್ನು ದಿನವೂ ಬದಲಾಯಿಸಬೇಕು, ಇಲ್ಲದಿದ್ದರೆ ಅದೇ ಕೊಳೆಯ ಗೂಡು. ಅಂಟುಪಟ್ಟಿಯ ಒಂದು ತುದಿಯನ್ನು ಊದಿದ ಮಾಂಸಕ್ಕೆ ಅಂಟಿಸಿ, ಬೆರಳಿನ ಅಡಿಯಿಂದ ಓರೆಯಾಗಿ ಎಳೆದು ಸುತ್ತುವ ಕ್ರಮವೂ ಇದೆ. ಆಗ ಮಾಂಸ ಉಗುರಿನಿಂದ ಸರಿದು ನಿಲ್ತದೆ. ಬೂಟು ಬಿಟ್ಟು ಬೆರಳು ಬಿಚ್ಚಿರುವ ಚಪ್ಪಲಿ ಹಾಕಬೇಕು. ಉಗುರು ಮಾಂಸದ ಗೋಡೆಯನ್ನು ದಾಟಿ ಬರುವ ತನಕ ಎರಡು ಮೂರು ತಿಂಗಳು ಇಷ್ಟೇ ಕೆಲಸ. ಕತ್ತರಿ ಮುಟ್ಟಬಾರದು. ಇದೇ ಕಷ್ಟ, ಯಾಕೆಂದರೆ ಕೈ ಅಲ್ಲಿಗೇ ಹೋಗ್ತದೆ. ಸುಣ್ಣ ಅರಸಿನ, ನಿಂಬೆಹಣ್ಣು ಇವನ್ನು ಕಟ್ಟಬೇಡಿ. ಸುಣ್ಣವೂ ಹುಳಿಯೂ ಒಡೆದ ಚರ್ಮವನ್ನು ಸುಡುತ್ತವೆ.

ಮಳೆಗಾಲ ಬೇರೆಯೇ ಕತೆ. ನಮ್ಮ ಮುಂಬಯಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಪ್ಲಾಸ್ಟಿಕ್ ಬೂಟಿನೊಳಗೆ ನೀರು ಹೊಕ್ಕು ಕಾಲು ದಿನವಿಡೀ ನೆನೆದಿರ್ತದೆ. ನೆನೆದ ಚರ್ಮವನ್ನು ಉಗುರು ಸಲೀಸಾಗಿ ಚುಚ್ಚುತ್ತದೆ. ಸಯನ್, ಹಿಂದಮಾತಾ, ಮಿಲನ್ ಸಬ್‌ವೇ ಕಡೆ ನಿಂತ ನೀರಿನಲ್ಲಿ ಯಾವ ಚರಂಡಿಯ ನೀರು ಸೇರಿದೆ, ಯಾವ ಇಲಿಯ ಮೂತ್ರ ಸೇರಿದೆ, ಯಾರಿಗೆ ಗೊತ್ತು? 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಊರು ಮುಳುಗಿದ ಮೇಲೆ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಹಬ್ಬಿತ್ತು. ಆ ರೋಗ ಒಳಗೆ ಬರುವ ಬಾಗಿಲು ಇಂಥ ಸಣ್ಣ ಗಾಯಗಳೇ. ಹೆಬ್ಬೆರಳಿನಲ್ಲಿ ಗಾಯ ಇಟ್ಟುಕೊಂಡು ಆ ನೀರಿನಲ್ಲಿ ನಡೆದು ಬಂದವರು ಮೊದಲು ಸಾಬೂನು ಹಾಕಿ ತೊಳೆದು, ಮಾತ್ರೆ ಬೇಕೋ ಎಂದು ದವಾಖಾನೆಯಲ್ಲಿ ಕೇಳಬೇಕು.

ನಮ್ಮ ಮಾವನ ವಿಷಯ ಮಳೆಗಾಲದ್ದೇ. ಅವರು ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು ಹೋಟೆಲು ಸೇರಿದವರು. ಮೋರಿಯಲ್ಲಿ ತಟ್ಟೆ ತೊಳೆಯುವುದರಿಂದ ಶುರು ಮಾಡಿ ದೋಸೆ ಭಟ್ಟಿಯವರೆಗೆ ಬಂದಿದ್ದರು. ಎರಡು ಹೊತ್ತು ಸೇರಿ ಹತ್ತು ಹನ್ನೊಂದು ಗಂಟೆ ನಿಂತೇ ಕೆಲಸ, ಕಾಲ ಕೆಳಗೆ ಯಾವಾಗಲೂ ನೀರು. ಒಂದು ರಾತ್ರಿ ನಾನು ಕೋಣೆಯಲ್ಲಿ ನನ್ನ ಉಗುರಿನ ಮೂಲೆ ಅಗೆಯುತ್ತಾ ಕೂತಿದ್ದೆ. ಮಾವ ಬಂದು ಪಕ್ಕದಲ್ಲಿ ಕೂತು ಕಾಲು ಚಾಚಿದರು.

"ನನ್ನದೂ ಸ್ವಲ್ಪ ತೆಗೆದು ಕೊಡು ಮಾಣಿ. ಬಗ್ಗಿದರೆ ನನಗೆ ಕಾಣುದಿಲ್ಲ."

"ನೋಯ್ತದಾ ಮಾವ?"

"ಎಂತದೂ ಇಲ್ಲ ಮಾರಾಯ. ಉಗುರು ಅಷ್ಟೆ."

ನಾನು ತೆಗೆದೆ. ಆಳಕ್ಕೇ ತೆಗೆದೆ. ಸ್ವಲ್ಪ ರಕ್ತ ಬಂತು. ಮಾವ ಒಮ್ಮೆಯೂ ಕಾಲು ಎಳೆದುಕೊಳ್ಳಲಿಲ್ಲ, ಹಿಂದಿನ ದಿನದ ಪೇಪರು ಓದುತ್ತಾ ಕೂತಿದ್ದರು. ನನ್ನ ಕೈ ಅಷ್ಟು ಹಗುರ ಎಂದು ನಾನು ಹಿಗ್ಗಿದೆ. ಮಾವನಿಗೆ ಸಕ್ಕರೆ ಕಾಯಿಲೆ ಇದೆ ಎಂದು ನನಗೆ ಗೊತ್ತಿತ್ತು. ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದಿಲ್ಲ ಎನ್ನುವಷ್ಟೇ ಗೊತ್ತಿತ್ತು.

ಎಂಟು ಹತ್ತು ದಿನ ಕಳೆದು ಕೋಣೆಯಲ್ಲಿ ವಾಸನೆ ಬಂತು. ಇಲಿ ಸತ್ತಿರಬೇಕೆಂದು ಟ್ರಂಕುಗಳನ್ನೆಲ್ಲ ಸರಿಸಿ ಹುಡುಕಿದೆವು. ವಾಸನೆ ಮಾವನ ಕಾಲಿಗೆ ಸುತ್ತಿದ ಬಟ್ಟೆಯಿಂದ ಬರುತ್ತಿತ್ತು. ಬಿಚ್ಚಿದರೆ ಹೆಬ್ಬೆರಳ ತುದಿ ಕಪ್ಪಾಗಿತ್ತು. ರಜೆ ಹಾಕಿದರೆ ಭಟ್ಟಿಗೆ ಬೇರೆಯವರನ್ನು ಹಾಕಿಬಿಡ್ತಾರೆ ಎಂದು ಅವರು ಯಾರಿಗೂ ಹೇಳಿರಲಿಲ್ಲ. ಅವರಿಗೆ ನೋವೂ ಇರಲಿಲ್ಲ.

ಆ ನೋವಿಲ್ಲದಿರುವುದೇ ಅಪಾಯದ ಗುರುತು ಎಂದು ಮಹಾನಗರಪಾಲಿಕೆಯ ಆಸ್ಪತ್ರೆಯಲ್ಲಿ ಡಾಕ್ಟರರು ಹೇಳಿದರು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಪಾದದ ನರಗಳು ಜಡವಾಗ್ತವೆ, ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಬೆರಳಿನ ತುದಿಗೆ ಹೋಗುವ ರಕ್ತನಾಳಗಳೂ ಕಿರಿದಾಗ್ತವೆ. ಗಾಯ ಮಾಯಲು ಬೇಕಾದ ರಕ್ತ ಬರುವುದಿಲ್ಲ, ಕ್ರಿಮಿಗಳ ಜೊತೆ ಹೋರಾಡುವ ಬಿಳಿಯ ಕಣಗಳೂ ಸೋಲ್ತವೆ. ನಮಗೆ ನಾಲ್ಕು ದಿನ ಕುಂಟಿಸುವ ಉಗುರು ಅಂಥವರ ಬೆರಳನ್ನೇ ತೆಗೆದುಕೊಂಡು ಹೋಗಬಹುದು. ಮೇಲೆ ನಾನು ಹೇಳಿದ ಬಿಸಿನೀರು, ಹತ್ತಿಯ ಎಳೆ ಯಾವುದೂ ಅವರಿಗಲ್ಲ. ಸ್ಪರ್ಶ ಇಲ್ಲದ ಕಾಲಿಗೆ ನೀರು ಸುಡುವಷ್ಟು ಬಿಸಿ ಇದ್ದರೂ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆಯವರು, ಕಾಲಿಗೆ ರಕ್ತ ಸರಿಯಾಗಿ ಹರಿಯದವರು ಮೊದಲ ದಿನವೇ ಡಾಕ್ಟರರಲ್ಲಿಗೆ ಹೋಗಬೇಕು. ಉಳಿದವರಿಗೂ ಕೀವು, ಜ್ವರ, ಪಾದದ ಮೇಲಕ್ಕೆ ಹತ್ತುವ ಕೆಂಪು ಗೆರೆ, ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ಸಾಕು ಮಾಡಬೇಕು.

ಡಾಕ್ಟರರು ಗಾಯವನ್ನು ನೋಡಿ ತಲೆಯೆತ್ತದೆ ಮರಾಠಿಯಲ್ಲಿ ಕೇಳಿದರು: "ಹೇ ಕೋಣೀ ಕಾಪ್ಲಂ?" ಇದನ್ನು ಕತ್ತರಿಸಿದ್ದು ಯಾರು?

ನಾನು ಬಾಯಿ ತೆರೆಯುವ ಮೊದಲೇ ಮಾವ ಅಂದರು, "ಸಲೂನ್‌ವಾಲಾ."

ಹೆಬ್ಬೆರಳಿನ ಮೊದಲ ಗಿಣ್ಣಿನವರೆಗೆ ತೆಗೆದರು. ಹದಿನಾರು ದಿನ ವಾರ್ಡಿನಲ್ಲಿದ್ದರು.

ಅದೇ ಆಸ್ಪತ್ರೆಯ ಸರ್ಜರಿ ಓಪಿಡಿಯಲ್ಲಿ, ಮಾವನ ಡ್ರೆಸ್ಸಿಂಗಿಗೆ ಹೋಗಿ ಬರುತ್ತಿದ್ದಾಗಲೇ, ನನ್ನ ಬೆರಳನ್ನೂ ತೋರಿಸಿದೆ. ಆ ಹೊತ್ತಿಗೆ ಉಗುರಿನ ಬದಿಯಲ್ಲಿ ಕೆಂಪು ಮಾಂಸ ಹಣ್ಣಿನ ಹಾಗೆ ಬೆಳೆದು, ಮುಟ್ಟಿದರೆ ರಕ್ತ ಜಿನುಗುತ್ತಿತ್ತು. ಈ ಕಾಯಿಲೆಗೆ ಮೂರು ಹಂತ ಎಂದು ಹೈಫೆಟ್ಸ್ ಎಂಬ ವೈದ್ಯರು 1937ರಲ್ಲಿ ಬರೆದದ್ದನ್ನು ಇವತ್ತಿಗೂ ಹೇಳ್ತಾರೆ. ಮೊದಲು ಕೆಂಪು, ಊತ, ನೋವು. ಆಮೇಲೆ ಕೀವು. ಆಮೇಲೆ ಈ ಹೊಸ ಮಾಂಸ. ನನ್ನದು ಮೂರನೆಯದು. ಅಂಗಡಿಯಿಂದ ಐದು ದಿನದ ಆಂಟಿಬಯಾಟಿಕ್ ತಂದು ತಿಂದಿದ್ದೆ. ಡಾಕ್ಟರರು ನಕ್ಕುಬಿಟ್ಟರು. ಮುಳ್ಳು ಒಳಗೇ ಇದ್ದರೆ ಮಾತ್ರೆ ಏನು ಮಾಡ್ತದೆ?

ಆಪರೇಷನ್ ಎಂಬ ಮಾತಿಗೆ ಹೆದರುವ ಗೆಳೆಯರಿಗಾಗಿ ಇದನ್ನು ಸ್ವಲ್ಪ ವಿವರವಾಗಿ ಬರೀತೇನೆ. ಬೆರಳಿನ ಬುಡದ ಎರಡೂ ಪಕ್ಕ ಮರಗಟ್ಟುವ ಇಂಜೆಕ್ಷನ್ ಕೊಡ್ತಾರೆ. ಇಡೀ ಕೆಲಸದಲ್ಲಿ ನೋಯುವುದು ಅದೊಂದೇ, ಅದು ಮಾತ್ರ ಚೆನ್ನಾಗಿಯೇ ನೋಯ್ತದೆ. ರಕ್ತ ತಡೆಯಲು ಬೆರಳಿಗೆ ರಬ್ಬರಿನ ಬಿಗಿ ಹಾಕ್ತಾರೆ. ಇಡೀ ಉಗುರನ್ನು ಕೀಳುವುದಿಲ್ಲ. ಚುಚ್ಚುತ್ತಿರುವ ಬದಿಯಲ್ಲಿ ಒಂದು ಸಣ್ಣ ಪಟ್ಟಿಯನ್ನು ತುದಿಯಿಂದ ಬುಡದವರೆಗೆ ಸೀಳಿ ಎಳೆದು ತೆಗೀತಾರೆ. ಆಮೇಲೆ ಆ ಪಟ್ಟಿ ಹುಟ್ಟುತ್ತಿದ್ದ ಬುಡಕ್ಕೆ ಹತ್ತಿಯ ಕಡ್ಡಿಯಿಂದ ಫೀನಾಲ್ ಹಚ್ಚುತ್ತಾರೆ. ಹೋಟೆಲಿನ ಮೋರಿಗೆ ಹಾಕುವ ಫಿನಾಯಿಲಿನ ಹಾಗೇ ವಾಸನೆ ಬಂತು. ಇದು ಹಳೆಯ ಕಾರ್ಬಾಲಿಕ್ ಆಸಿಡ್. 1865ರಲ್ಲಿ ಗ್ಲಾಸ್ಗೋದಲ್ಲಿ ಲಿಸ್ಟರ್ ಗಾಯಗಳಿಗೆ ಹಚ್ಚಿ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನೇ ಬದಲಾಯಿಸಿದನಲ್ಲ, ಅದೇ ದ್ರವ್ಯ. ಇಲ್ಲಿ ಅದು ಬುಡದ ಆ ಸಣ್ಣ ಭಾಗವನ್ನು ಸುಟ್ಟು, ಅಲ್ಲಿಂದ ಮತ್ತೆ ಉಗುರು ಹುಟ್ಟದ ಹಾಗೆ ಮಾಡ್ತದೆ. ಉಗುರು ಮುಂದೆ ಸ್ವಲ್ಪ ಅಗಲ ಕಡಿಮೆಯಾಗಿ ಬೆಳೀತದೆ, ಅಷ್ಟೇ. ಅರ್ಧ ಗಂಟೆಯೂ ಹಿಡಿಯಲಿಲ್ಲ. ದಪ್ಪ ಬ್ಯಾಂಡೇಜು ಕಟ್ಟಿಸಿಕೊಂಡು ಗಾಡಿಯಲ್ಲಿ ನಿಂತೇ ಮನೆಗೆ ಬಂದೆ. ಮೂರು ವಾರ ಸ್ವಲ್ಪ ಸ್ವಲ್ಪ ನೀರು ಜಿನುಗುತ್ತಿತ್ತು. ಫೀನಾಲ್ ಹಚ್ಚಿದ್ದಕ್ಕೆ ಹಾಗಾಗುವುದು ಸಹಜವಂತೆ.

ಕೆಲವು ಕಡೆ ಈಗಲೂ ಉಗುರನ್ನು ಪೂರ್ತಿ ಕಿತ್ತುಬಿಡ್ತಾರೆ. ಬುಡಕ್ಕೆ ಏನೂ ಮಾಡದೆ ಬರೀ ಕಿತ್ತರೆ ವರ್ಷದೊಳಗೆ ಹೊಸ ಉಗುರು ಬಂದು ಅದೇ ಜಾಗದಲ್ಲಿ ಅದೇ ರೀತಿ ಚುಚ್ಚುವುದು ಬಹಳ ಜನರಲ್ಲಿ ಕಂಡದ್ದು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2012ರ ಕಾಕ್ರೇನ್ ವಿಮರ್ಶೆಯೂ ಫೀನಾಲ್ ಸೇರಿಸಿದರೆ ಕಾಯಿಲೆ ಮರಳುವುದು ಕಡಿಮೆ ಎಂದೇ ಹೇಳ್ತದೆ. ಆದ್ದರಿಂದ ಯಾರಾದರೂ ಉಗುರು ಕೀಳೋಣ ಅಂದರೆ, ಬುಡಕ್ಕೆ ಏನು ಮಾಡ್ತೀರಿ ಸಾರ್ ಎಂದು ಕೇಳಲು ನಾಚಿಕೆಪಡಬೇಡಿ. ಇನ್ನೊಂದು ಪಂಥವೂ ಇದೆ. ಅಮೆರಿಕದ ಸೈನ್ಯದ ವೈದ್ಯರಾದ ವ್ಯಾಂಡನ್‌ಬಾಸ್ ಮತ್ತು ಬೋವರ್ಸ್ 1959ರಲ್ಲಿ, ತಪ್ಪು ಉಗುರಿನದ್ದೇ ಅಲ್ಲ, ಮೈಭಾರಕ್ಕೆ ಉಬ್ಬಿ ಬರುವ ಮಾಂಸದ್ದು ಎಂದು ವಾದಿಸಿದರು. ಅವರ ಕ್ರಮದಲ್ಲಿ ಉಗುರನ್ನು ಮುಟ್ಟದೆ ಪಕ್ಕದ ಮಾಂಸವನ್ನೇ ಧಾರಾಳವಾಗಿ ತೆಗೆದು ಗಾಯ ತಾನಾಗಿ ಮಾಯಲು ಬಿಡ್ತಾರೆ. ಇದು ಮಾಯಲು ಹೆಚ್ಚು ವಾರ ಬೇಕು. ಎರಡು ಪಕ್ಷವೂ ಸರಿಯಿರಬಹುದು. ಮಾಂಸ ಉಬ್ಬದೆ ಉಗುರು ಚುಚ್ಚುವುದಿಲ್ಲ, ಮೂಲೆ ಕತ್ತರಿಸದೆ ಮಾಂಸ ಅಲ್ಲಿಗೆ ಬರುವುದೂ ಅಪರೂಪ.

ಎಲ್ಲಿ ತೋರಿಸಬೇಕು ಎಂದು ಕೇಳುವವರಿಗೆ: ಪರೇಲಿನ ಕೆ.ಇ.ಎಂ., ಸಯನ್ನಿನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್ ಬಳಿಯ ನಾಯರ್, ಮೂರೂ ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳು. ಬೆಳಿಗ್ಗೆ ಬೇಗ ಹೋಗಿ ಕೇಸ್‌ಪೇಪರ್ ಮಾಡಿಸಿ ಸರ್ಜರಿ ಓಪಿಡಿಗೆ ಕೂರಬೇಕು. ಸಾಲು ಉದ್ದ ಇರ್ತದೆ, ಒಂದು ಪುಸ್ತಕ ಇಟ್ಟುಕೊಳ್ಳಿ. ಧನುರ್ವಾಯುವಿನ ಇಂಜೆಕ್ಷನ್ ಯಾವಾಗ ಆಗಿತ್ತು ಎಂದು ಕೇಳ್ತಾರೆ, ನೆನಪಿಟ್ಟುಕೊಂಡು ಹೋಗಿ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಇದ್ದರೆ ಅವರನ್ನೂ ಒಟ್ಟಿಗೆ ಕರೆದುಕೊಂಡು ಹೋದರೆ ಒಂದೇ ಸಾಲಿನಲ್ಲಿ ಎರಡು ಕೆಲಸ.

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂಬ ಗಾದೆಯನ್ನು ಶಾಲೆಯಲ್ಲಿ ಎಷ್ಟೋ ಸಲ ವಿಸ್ತರಿಸಿ ಬರೆದು ಹತ್ತಕ್ಕೆ ಏಳು ಎಂಟು ತೆಗೆದಿದ್ದೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಾಗ ಅದು ನೆನಪಾಯಿತು.

ಮಾವ ಈಗ ಭಟ್ಟಿಯ ಹತ್ತಿರ ನಿಲ್ಲುವುದಿಲ್ಲ. ಬೇರೆ ಹೋಟೆಲಿನಲ್ಲಿ ಕೂತು ತರಕಾರಿ ಹೆಚ್ಚುವ, ಸಾಮಾನಿನ ಲೆಕ್ಕ ಬರೆಯುವ ಕೆಲಸ, ಸಂಬಳ ಮೊದಲಿಗಿಂತ ಕಡಿಮೆ. ಸಲೂನಿನ ಸುಳ್ಳನ್ನು ಊರಲ್ಲಿ ಅತ್ತೆಗೂ ಹಾಗೇ ಹೇಳಿದ್ದಾರೆ. ನಾನೂ ತಿದ್ದಲಿಲ್ಲ. ಈ ಪತ್ರಿಕೆ ಊರಿಗೆ ಹೋಗುವುದಿಲ್ಲವಾದ್ದರಿಂದ ಇಲ್ಲಿ ಬರೆದಿದ್ದೇನೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವರು ಗೋಡೆಗೊರಗಿ ಎರಡು ಕಾಲೂ ಚಾಚುತ್ತಾರೆ. ನಾನು ಗಡ್ಡ ಕೆರೆಯುವ ಕನ್ನಡಿಯನ್ನು ಪಾದದ ಕೆಳಗೆ ಹಿಡಿದು, ಬೆರಳ ಸಂದಿ ಬಿಡಿಸಿ, ಎಲ್ಲಾದರೂ ಕೆಂಪಾಗಿದೆಯೋ ಬಿರುಕು ಬಿಟ್ಟಿದೆಯೋ ನೋಡ್ತೇನೆ. ಅವರು ಪೇಪರು ಓದುತ್ತಿರ್ತಾರೆ. ನೇಲ್ ಕಟ್ಟರ್ ಅವರು ಕೇಳುವುದಿಲ್ಲ, ನಾನೂ ತೆಗೆಯುವುದಿಲ್ಲ. ತಿಂಗಳಿಗೊಮ್ಮೆ ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿಗೆ ಹೋಗಿ ಒಂಬತ್ತು ಉಗುರು ತೆಗೆಸಿಕೊಂಡು ಬರ್ತಾರೆ.